ಅಮಾವಾಸ್ಯೆಯ ದಿನ ಆರದ ಕಂಪ್ಯೂಟರ್

ಮೊದಲ ಸಲ ಅದು ಆರಿದಾಗ ಬೆಳಗಿನ ಹತ್ತು ಗಂಟೆ ನಲವತ್ತು ನಿಮಿಷ. ಆ ಹೊತ್ತಿಗೆ ನಕ್ಷೆ ಮಾಸ್ತರರು ಚಹಾ ಕೇಳುತ್ತಾರೆಂದು ನಾನು ಗಡಿಯಾರ ನೋಡಲು ತಲೆ ಎತ್ತಿದ್ದೆ. ತಲೆ ಇಳಿಸುವಷ್ಟರಲ್ಲಿ ತೆರೆ ಕಪ್ಪಾಗಿತ್ತು. ಕ್ಯಾಬಿನೆಟ್ಟಿನೊಳಗಿನ ಫ್ಯಾನು ನಿಂತಿತು. ಎರಡು ಉಸಿರಿನಷ್ಟು ಹೊತ್ತು ಬಿಟ್ಟು ತಾನೇ ಮತ್ತೆ ತಿರುಗತೊಡಗಿತು. ಕರೆಂಟು ಹೋಗಿರಲಿಲ್ಲ. ನೆತ್ತಿಯ ಮೇಲಿನ ಪಂಖ ತಿರುಗುತ್ತಲೇ ಇತ್ತು, ಗೋಡೆಯಾಚೆ ಪಕ್ಕದ ಮನೆಯ ಕಾಕಾನ ಮಗ್ಗಗಳು ಬಡಿಯುತ್ತಲೇ ಇದ್ದವು.

ಮಾಸ್ತರರಿಗೆ ಇದು ತಿಳಿಯಲಿಲ್ಲ. ಅವರಿಗೆ ಕಣ್ಣು ಕಾಣುವುದಿಲ್ಲ. ಗೋಡೆಗೆ ಒರಗಿ ಕುಳಿತು, ಬೆರಳನ್ನು ಮೊಣಕಾಲಿನ ಮೇಲೆ ಆಡಿಸುತ್ತ ಹೇಳುತ್ತಲೇ ಇದ್ದರು: “ಎಲ್ಡು ಎತ್ತು, ಮೂರು ಬಿಡು. ಒಂದು ಎತ್ತು, ಐದು ಬಿಡು...”

“ಮಾಸ್ತರ, ಸ್ವಲ್ಪ ತಡೀರಿ,” ಅಂದೆ. “ಬಂದ್ ಆತು.”

“ಏನು ಬಂದ್ ಆತು?”

“ಕಂಪ್ಯೂಟರು.”

ಅವರು ಬೆರಳು ನಿಲ್ಲಿಸಿದರು. “ಎಲ್ಲಿದ್ದೆ ನಾನು?” ಅಂದರು. ನಾನು ಸಾಲಿನ ಸಂಖ್ಯೆ ಹೇಳಿದೆ. ಅವರಿಗೆ ಸಂಖ್ಯೆಯಿಂದ ನೆನಪು ಹತ್ತುವುದಿಲ್ಲ. ಹೂವಿನ ಬುಡದಿಂದ ಮತ್ತೆ ಹೇಳಿಕೊಂಡು ಬಂದರೆ ಮಾತ್ರ ಮುಂದಿನ ಸಾಲು ಬಾಯಿಗೆ ಬರುತ್ತದೆ. ಅಂದು ಹಾಗೇ ಮಾಡಿದೆವು. ಒಂದು ಸಲ ತಾನೆ, ಏನೋ ಆಗಿರಬೇಕು ಎಂದುಕೊಂಡೆ.

ಮಾಸ್ತರರು ಬೆಟಗೇರಿಯ ನಮ್ಮ ಓಣಿಯಲ್ಲಿ ಸೀರೆಯ ದಡಿಗೆ, ಅಂದರೆ ಅಂಚಿಗೆ, ನಕ್ಷೆ ಬರೆಯುತ್ತಿದ್ದವರು. ಚೌಕುಳಿ ಕಾಗದದಲ್ಲಿ ಒಂದು ಚೌಕಕ್ಕೆ ಒಂದು ಎಳೆ. ತುಂಬಿದ ಚೌಕವೆಂದರೆ ಎಳೆಯನ್ನು ಎತ್ತಬೇಕು, ಖಾಲಿ ಚೌಕವೆಂದರೆ ಬಿಡಬೇಕು. ಒಂದು ಸಾಲಿಗೆ ಒಂದು ರಟ್ಟಿನ ಪಟ್ಟಿ ತೂತು ಮಾಡಿ, ಪಟ್ಟಿಗಳನ್ನು ಸರವಾಗಿ ಹೊಲಿದು ಮಗ್ಗದ ಮೇಲೆ ಏರಿಸಿದರೆ ದಡಿ ತಾನಾಗಿ ಮೂಡುತ್ತದೆ. ಅವರು ಹರೆಯದಲ್ಲಿ ಬರೆದ ಒಂದು ಬಳ್ಳಿಯ ದಡಿ ಇತ್ತು, ಇನ್ನೂರ ನಲವತ್ತು ಸಾಲಿನದು. ಅದರ ಪಟ್ಟಿಗಳನ್ನು ಗೆದ್ದಲು ತಿಂದಿತ್ತು, ಕಾಗದ ಕಳೆದಿತ್ತು. ಉಳಿದದ್ದು ಅವರ ತಲೆಯಲ್ಲಿ ಮಾತ್ರ. ಅದನ್ನು ನಾನು ಕಂಪ್ಯೂಟರಿಗೆ ಇಳಿಸಿಕೊಡಬೇಕು, ಅವ್ವ ತನ್ನ ಕೈಮಗ್ಗದಲ್ಲಿ ನೇಯಬೇಕು ಎಂದು ಮಾತಾಗಿತ್ತು. ಶಿರಹಟ್ಟಿಯಲ್ಲಿರುವ ಅವರ ಮಗಳು ನಾಗರಪಂಚಮಿಗೆ ತವರಿಗೆ ಬರುವವಳಿದ್ದಳು. ಹಬ್ಬ ಮುಗಿಸಿ ತಂದೆಯನ್ನು ತನ್ನ ಜೊತೆಗೇ ಕರೆದೊಯ್ಯುವುದು ಗಟ್ಟಿಯಾಗಿತ್ತು. ಅಷ್ಟರೊಳಗೆ ಮುಗಿಯದಿದ್ದರೆ ಆ ದಡಿ ಇರುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಎಲ್ಲರಿಗೂ ಗೊತ್ತಿತ್ತು.

ಕಂಪ್ಯೂಟರನ್ನು ಜೋಡಿಸಿದ್ದು ನಾನೇ. ಮುಂಡರಗಿಯಲ್ಲಿ ಮುಚ್ಚಿದ ಒಂದು ಟೈಪಿಂಗ್ ಕ್ಲಾಸಿನಿಂದ ಕ್ಯಾಬಿನೆಟ್ ತಂದಿದ್ದೆ. ಮದರ್‌ಬೋರ್ಡು, ಪ್ರೊಸೆಸರು, ಪವರ್ ಸಪ್ಲೈಗಳನ್ನು ಒಂದೊಂದಾಗಿ ಕೂಡಿಸಿದ್ದೆ. ಮೊದಲ ಸಲ ಗುಂಡಿ ಒತ್ತಿ ಬೆಳಕು ಬಂದಾಗ ಅವ್ವ ಕುಂಕುಮ ಹಚ್ಚಿದಳು. ಆಮೇಲೆ ಒಳಗಿನ ವೈರುಗಳ ಗೋಜಲನ್ನು ನೋಡಿ, “ಇದೇನ ಹಿಂಗ ಹರವಿ ಬಿಟ್ಟೀ? ಸರಿ ಅತ್ತಾಗ,” ಎಂದು ಮಗ್ಗದ ಉದ್ದೆಳೆಗಳ ಹಾಸಿನಲ್ಲಿ ಉಳಿದ ನೂಲನ್ನು ನಾಲ್ಕೆಳೆ ಹೊಸೆದು ತಂದು ವೈರುಗಳನ್ನೆಲ್ಲ ಕಟ್ಟಿದಳು. ಹರಿದ ಎಳೆಗಳನ್ನು ಕೂಡಿಸುವುದರಲ್ಲಿ ಓಣಿಯಲ್ಲಿ ಅವಳ ಕೈ ದೊಡ್ಡದು. ಅವಳ ಗಂಟು ಬಿಚ್ಚುವುದಿಲ್ಲ. ಕಟ್ಟಿ ಮುಗಿದ ಮೇಲೆ ವೈರುಗಳು ಹಾಸಿನ ಎಳೆಗಳ ಹಾಗೆ ನೆಟ್ಟಗೆ ಬಿಗಿದು ನಿಂತಿದ್ದವು. ಕ್ಯಾಬಿನೆಟ್ಟಿನ ಮುಚ್ಚಳ ತೆಗೆದು ನೋಡಿದವರೆಲ್ಲ ಮೊದಲು ಹೊಗಳುತ್ತಿದ್ದುದು ಆ ಗಂಟುಗಳನ್ನೇ. ನಾನೂ ನಾಲ್ಕು ಜನರನ್ನು ಕರೆದು ತೋರಿಸಿದ್ದೆ.

ಮರುದಿನ ಅದು ಮೂರು ಸಲ ಆರಿತು. ಅದರ ಮರುದಿನ ಐದು ಸಲ. ಐದನೆಯದು ಫೈಲನ್ನು ಉಳಿಸುವ ಆ ಒಂದು ಕ್ಷಣದಲ್ಲೇ ಆಯಿತು. ಮತ್ತೆ ಹತ್ತಿದಾಗ ಫೈಲು ತೆರೆಯಲಿಲ್ಲ. ಎಪ್ಪತ್ತೆರಡು ಸಾಲು ಹೋಗಿತ್ತು. ಮಾಸ್ತರರಿಗೆ ಹೇಳುವ ಮೊದಲು ಇನ್ನೆರಡು ಸಲ ತೆರೆದು ನೋಡಿದೆ. ಅವರೇ ಕೇಳಿದರು:

“ಹೋತೇನು?”

“ಹೋತ್ರಿ.”

“ಎಷ್ಟು?”

“ಎಲ್ಲಾ.”

ಅವರು ಚಹಾದ ಬಟ್ಟಲನ್ನು ತಡವಿ ನೆಲಕ್ಕಿಟ್ಟರು. “ಹರದ ಹಾಸಿಗೆ ಅತ್ರ ಎಳಿ ಕೂಡತಾವೇನು? ನಾಳಿಂದ ಮತ್ತ ಚಾಲೂ ಮಾಡೂಣು.”

ಅಂದಿನಿಂದ ಎರಡು ಕೆಲಸ ಮಾಡಿದೆ. ಮೊದಲನೆಯದು, ಫೈಲಿನ ಪ್ರತಿಯನ್ನು ಎರಡು ಪೆನ್‌ಡ್ರೈವಿನಲ್ಲಿ ಇಡತೊಡಗಿದೆ ಮತ್ತು ಮಾಸ್ತರರ ಧ್ವನಿಯನ್ನು ಫೋನಿನಲ್ಲಿ ಹಿಡಿಯತೊಡಗಿದೆ. ಧ್ವನಿಯೊಂದೇ ಸಾಲದು. ಅವರು ತಪ್ಪು ಹೇಳಿದರೆ ಧ್ವನಿಯಲ್ಲೂ ತಪ್ಪೇ ಇರುತ್ತದೆ. ಸಾಲು ತೆರೆಯ ಮೇಲೆ ಮೂಡಿ, ನಾನು ಓದಿ ಹೇಳಿ, ಅವರು ‘ಹೂಂ’ ಅಂದಾಗಲೇ ಅದು ಸರಿ. ಎರಡನೆಯದು, ಒಂದು ಶಾಲೆಯ ನೋಟ್‌ಬುಕ್ ತೆಗೆದು, ಕಂಪ್ಯೂಟರ್ ಆರಿದ ದಿನ, ಗಂಟೆ, ನಿಮಿಷ, ಆಗ ಏನು ಮಾಡುತ್ತಿದ್ದೆ ಎಂಬುದನ್ನು ಬರೆಯತೊಡಗಿದೆ. ಆರದ ದಿನ ‘ಇಂದು ಇಲ್ಲ’ ಎಂದು ಬರೆಯಬೇಕೆಂದುಕೊಂಡೆ.

ಮೊದಲು ಶಾಖದ ಮೇಲೆ ಅನುಮಾನಪಟ್ಟೆ. ಪ್ರೊಸೆಸರಿನ ಮೇಲಿನ ಫ್ಯಾನು ಬಿಚ್ಚಿ, ಹಳೆಯ ಲೇಪ ಒರೆಸಿ ಹೊಸದು ಹಚ್ಚಿದೆ. ಶಾಖ ಮೊದಲಿಗಿಂತ ಇಳಿಯಿತು. ಆದರೂ ಆರಿತು. ವಿಂಡೋಸ್ ತನ್ನ ದಾಖಲೆಯಲ್ಲಿ ಬರೆದುಕೊಂಡದ್ದು ಇಷ್ಟೇ: ಕಂಪ್ಯೂಟರ್ ಸರಿಯಾಗಿ ಮುಚ್ಚದೆ ನಿಂತಿತು. ಅದು ನನಗೂ ಗೊತ್ತಿತ್ತು. ವಿಂಡೋಸನ್ನೇ ಬಿಟ್ಟು ಪೆನ್‌ಡ್ರೈವಿನಿಂದ ಬೇರೆ ವ್ಯವಸ್ಥೆಯನ್ನು ನಡೆಸಿ ನೋಡಿದೆ. ಅದರಲ್ಲೂ ಆರಿತು. ಹಾಗಾದರೆ ತಪ್ಪು ತಂತ್ರಾಂಶದ್ದಲ್ಲ. ರ‍್ಯಾಮ್ ಪರೀಕ್ಷೆ ಹಚ್ಚಿಟ್ಟೆ. ಪರೀಕ್ಷೆಯ ನಡುವೆಯೇ ಆರಿತು. ಇಲ್ಲಿ ನಾನು ಅವಸರಪಟ್ಟೆ, ರ‍್ಯಾಮ್ ಕೆಟ್ಟಿದೆ ಎಂದು ತೀರ್ಮಾನಿಸಿದೆ. ಪರೀಕ್ಷೆ ತಪ್ಪು ತೋರಿಸುವುದು ಬೇರೆ, ಪರೀಕ್ಷೆ ಮಾಡುವ ಯಂತ್ರವೇ ಆರುವುದು ಬೇರೆ ಎಂಬುದು ಆಗ ಹೊಳೆಯಲಿಲ್ಲ.

ಗದಗಿನ ಅಂಗಡಿಯಿಂದ ಬೇರೆ ರ‍್ಯಾಮ್ ತಂದು ಹಾಕಿದ ದಿನ ಮಣ್ಣೆತ್ತಿನ ಅಮಾವಾಸ್ಯೆ. ಅವ್ವ ಮಣ್ಣಿನ ಎತ್ತುಗಳನ್ನು ಮಾಡಿ ಗೂಡಿನಲ್ಲಿಟ್ಟಿದ್ದಳು. ಕೆಲಸ ಬೇಡವೇನೋ ಎಂದರೆ ಮಾಸ್ತರರು ಕೋಲು ಊರಿಕೊಂಡು ಬಂದೇಬಿಟ್ಟರು. “ಅಮಾಸಿ ಮಗ್ಗಕ್ಕ ಸೂಟಿ. ನನ್ನ ಬಾಯಿಗೇನು ಸೂಟಿ ಇಲ್ಲ,” ಅಂದರು. ಬೆಳಗಿನಿಂದ ಸಂಜೆಯವರೆಗೆ ಕೂತೆವು. ಒಂದು ಸಲವೂ ಆರಲಿಲ್ಲ. ನಲವತ್ತೊಂದು ಸಾಲು ಆಯಿತು. ನೋಟ್‌ಬುಕ್ಕಿನಲ್ಲಿ ‘ಇಂದು ಇಲ್ಲ’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಅವ್ವ ಕಡಬು ಮಾಡಿದ್ದಳು, ನಾನು ಎರಡು ಹೆಚ್ಚೇ ತಿಂದೆ.

ಮರುದಿನ ಬೆಳಿಗ್ಗೆ ಒಂಬತ್ತು ಐವತ್ತಕ್ಕೆ ಆರಿತು.

ಕ್ಯಾಬಿನೆಟ್ಟನ್ನು ಕೌದಿಯಲ್ಲಿ ಸುತ್ತಿ ಆಟೋದಲ್ಲಿ ಗದಗಿನ ಅಂಗಡಿಗೆ ಒಯ್ದೆ. ರಿಪೇರಿಯವರು ಮುಚ್ಚಳ ತೆಗೆದು, “ಅಬಬಬ, ಏನ್ ಕಟ್ಟೀರ್ರಿ ಅಕ್ಕಾರ! ನಮ್ಮ ಹುಡುಗೂರ್ನ ನಿಮ್ಮ ಕಡೆ ಕಲ್ಯಾಕ ಕಳಸ್ತೇನಿ,” ಅಂದರು. ಎರಡು ದಿನ ಹಗಲೆಲ್ಲ ನಡೆಸಿದರು. ಆರಲಿಲ್ಲ. ಪವರ್ ಸಪ್ಲೈ ಒಂದು ಬದಲಿಸಿ ನೋಡಬೇಕಿತ್ತು ಎಂದು ಅವರೇ ಅಂದರು, “ಆದ್ರ ಈ ಗಂಟೆಲ್ಲಾ ಕೊಯ್ಬೇಕಾಕ್ಕೈತಿ. ಇಷ್ಟು ಚಂದ ಇದ್ದದ್ದನ್ನ ಯಾಕ ಕೆಡಸೂದ್ರಿ? ಇಲ್ಲಿ ನಡ್ಯಾಕತ್ತೈತಲ್ಲ?” ಎಂದು ಬಿಟ್ಟರು. ಒಂದು ಖಾಲಿ ವೈರಿಗೆ ಮೀಟರ್ ಹಿಡಿದು, ಹನ್ನೆರಡು ವೋಲ್ಟ್ ಸರಿಯಾಗಿದೆ ಎಂದು ತೋರಿಸಿದರು. ನಾನೂ ಒತ್ತಾಯಿಸಲಿಲ್ಲ. ಇದನ್ನು ಈಗ ಬರೆಯುವಾಗ ಮುಖ ಬಿಸಿಯಾಗುತ್ತದೆ. ಕೊಯ್ಯುವುದು ನನಗೂ ಬೇಡವಾಗಿತ್ತು.

“ನಿಮ್ಮ ಮನಿ ಕರೆಂಟಿನಾಗ ಏನೋ ಐತ್ರಿ,” ಎಂದು ಹೇಳಿ ಕಳಿಸಿದರು.

ಮನೆಗೆ ತಂದೆ. ಆರಿತು. ಲಕ್ಷ್ಮೇಶ್ವರದಲ್ಲಿ ವೈರಿಂಗ್ ಕೆಲಸ ಮಾಡುವ ನನ್ನ ಸೋದರಮಾವನನ್ನು ಕರೆಸಿದೆವು. ಅವನು ಪ್ಲಗ್ಗು, ಬೋರ್ಡು, ಮೀಟರಿನವರೆಗೆ ಎಲ್ಲ ಬಿಚ್ಚಿ ನೋಡಿದ. ಅರ್ಥಿಂಗ್ ಸಡಿಲಾಗಿದೆ ಎಂದು ಹಿತ್ತಲಲ್ಲಿ ಹೊಸ ಗುಂಡಿ ತೋಡಿ, ಕೊಳವೆ ಇಳಿಸಿ, ಇದ್ದಿಲು, ಉಪ್ಪು ತುಂಬಿ ಕೊಡಗಟ್ಟಲೆ ನೀರು ಹಾಕಿದ. ಅರ್ಥಿಂಗ್ ನಿಜಕ್ಕೂ ಕೆಟ್ಟಿತ್ತು, ಈಗ ಸರಿಯಾಯಿತು. ಕಂಪ್ಯೂಟರ್ ಮಾತ್ರ ಅಂದು ಸಂಜೆ ನಾಲ್ಕೂ ಕಾಲಿಗೆ ಅವನ ಎದುರಿಗೇ ಆರಿತು.

ಮಾವ ಹಣೆ ಒರೆಸಿಕೊಂಡ. “ಭೂಮಿತಾಯಿಗೆ ಉಪ್ಪು ಕೊಟ್ಟೆ, ಇದ್ದಲಿ ಕೊಟ್ಟೆ, ನೀರು ಕೊಟ್ಟೆ. ಇನ್ನ ಕುಬಸ ಮಾಡೂದು ಒಂದ ಬಾಕಿ ಐತಿ ನೋಡು.”

ಭೂಮಿತಾಯಿಗೂ ಸೀಮಂತವೇ ಎಂದು ಅವ್ವ ನಕ್ಕಳು. ನನಗೆ ನಗು ಬರಲಿಲ್ಲ.

ಅದೇ ವಾರ ನಡೆದದ್ದನ್ನು ಸರಿಯಾಗಿ ಬರೆಯಬೇಕು. ಎರಡನೆಯ ಹೂವಿನ ಇಪ್ಪತ್ಮೂರನೆಯ ಸಾಲು. ಮಾಸ್ತರರು ಅದನ್ನು ಹೇಳಿ ಮುಗಿಸಿದೊಡನೆ ಕಂಪ್ಯೂಟರ್ ಆರಿತು. ಹತ್ತಿದ ಮೇಲೆ ಹೂವಿನ ಬುಡದಿಂದ ಮತ್ತೆ ಹೇಳುತ್ತ ಬಂದರು. ಆ ಸಾಲಿಗೆ ಬಂದಾಗ, “ಒಂದು ಎತ್ತು, ನಾಕು ಬಿಡು,” ಅಂದರು. ನನಗೆ ಮೊದಲು ಕೇಳಿದ್ದು ಬೇರೆ ಅನ್ನಿಸಿತು. ಫೋನಿನ ಧ್ವನಿಯನ್ನು ಹಚ್ಚಿದೆ. ಅದರಲ್ಲಿ ಅವರದೇ ದನಿ: “ಒಂದು ಎತ್ತು, ಮೂರು ಬಿಡು.”

ಅವರು ತಮ್ಮ ದನಿಯನ್ನು ತಾವೇ ಎರಡು ಸಲ ಕೇಳಿದರು. ಮುಖ ಸಣ್ಣದಾಯಿತು.

“ತಂಗಿ, ನನ್ನ ತಲಿ ಕೆಟ್ಟೈತೋ, ನಿನ್ನ ಪೆಟ್ಟಿಗಿ ಕೆಟ್ಟೈತೋ?”

“ನನ್ನ ಪೆಟ್ಟಿಗೀನ ರೀ ಮಾಸ್ತರ.”

“ಪೆಟ್ಟಿಗಿ ಮೂರಕ್ಕ ನಾಕು ಅಂದಿಲ್ಲವಾ. ನಾ ಅಂದೇನಿ.” ಕೋಲು ಹುಡುಕಿ ಎದ್ದರು. “ಇನ್ನ ಹೇಳ್ಸಬ್ಯಾಡ. ಹೇಳಿದಷ್ಟೂ ಕಲಸತೈತಿ. ಕೆಡಿಸಿ ಕೊಡೂದ್ಕಿಂತ ಕೊಡದ ಹೋಗೂದು ಚಲೋ.”

ಬಾಗಿಲವರೆಗೆ ಹೋಗಿ ನಿಂತು, “ಅದು ಆರೂದು ನಿಂತ್ರ ಹೇಳಿ ಕಳಸು,” ಅಂದರು. ಅವ್ವ ಕೈಹಿಡಿದು ಅವರನ್ನು ಮನೆ ಮುಟ್ಟಿಸಿ ಬಂದಳು. ಆ ನಕ್ಷೆಯಲ್ಲಿ ಆಗ ಇನ್ನೂ ಎಪ್ಪತ್ತು ಸಾಲು ಉಳಿದಿದ್ದವು.

ಅವರು ಬಾರದ ದಿನಗಳಲ್ಲೂ ನಾನು ಕಂಪ್ಯೂಟರನ್ನು ಬೆಳಗಿನಿಂದ ಸಂಜೆವರೆಗೆ ನಡೆಸುತ್ತಿದ್ದೆ, ಬರೆಯುತ್ತಿದ್ದೆ. ನಾಗರ ಅಮಾವಾಸ್ಯೆಯ ದಿನ ಇಡೀ ಹಗಲು ಅದು ಆರಲಿಲ್ಲ. ಸಂಜೆ ‘ಇಂದು ಇಲ್ಲ’ ಎಂದು ಬರೆದು, ಇಂಥ ದಿನ ಹಿಂದೆ ಯಾವಾಗ ಇತ್ತು ಎಂದು ಪುಟ ತಿರುವಿದೆ. ಮನೆಯಲ್ಲಿ ನಡೆಸಿದ ದಿನಗಳಲ್ಲಿ ಅದೊಂದೇ ಇತ್ತು, ಕೆಳಗೆ ಗೆರೆ ಎಳೆದದ್ದು. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖನ್ನು ನೋಡಿದೆ. ಕಪ್ಪು ಚುಕ್ಕೆ ಇತ್ತು. ಇಂದಿನ ತಾರೀಖಿನ ಮೇಲೂ ಕಪ್ಪು ಚುಕ್ಕೆ.

ಎರಡು ಅಮಾವಾಸ್ಯೆ, ಗದಗಿನ ಅಂಗಡಿಯ ಎರಡು ದಿನ. ಈ ನಾಲ್ಕೂ ದಿನಗಳಿಗೆ ಸಮಾನವಾದದ್ದು ಏನೆಂದು ನೋಟ್‌ಬುಕ್ ಹಿಡಿದುಕೊಂಡು ಕುಳಿತೆ. ಹಾಗೆ ಕುಳಿತಿದ್ದಾಗ ಗೂಡಿನಲ್ಲಿ ಹಲ್ಲಿ ಲೊಚಗುಟ್ಟಿದ್ದು ಕೇಳಿಸಿತು. ನಮ್ಮ ಮನೆಯಲ್ಲಿ ಹಗಲಿಗೆ ಹಲ್ಲಿಯ ಸದ್ದು ಕೇಳಿಸುವುದಿಲ್ಲ.

ಮಗ್ಗಗಳು ನಿಂತಿದ್ದವು.

ಗೋಡೆಯಾಚೆ ಕಾಕಾನ ನಾಲ್ಕು ಪವರ್‌ಲೂಮ್ ಇವೆ. ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ, ಒಂದೇ ಕಲ್ಲಿನ ಹಾಸು. ಭಾನುವಾರವೂ ನಿಲ್ಲದ ಅವು ಇಡೀ ದಿನ ನಿಲ್ಲುವುದು ಅಮಾವಾಸ್ಯೆಗೆ ಮಾತ್ರ. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ನೋಟ್‌ಬುಕ್ಕಿನಲ್ಲಿ ಶಾಖ ಬರೆದಿದ್ದೆ, ವೋಲ್ಟ್ ಬರೆದಿದ್ದೆ, ಸಾಲಿನ ಸಂಖ್ಯೆ ಬರೆದಿದ್ದೆ. ಮಗ್ಗ ಬಡಿಯುತ್ತಿದೆ ಎಂದು ಒಂದು ಸಲವೂ ಬರೆದಿರಲಿಲ್ಲ. ನಮ್ಮ ಓಣಿಯಲ್ಲಿ ಅದನ್ನು ಯಾರೂ ಬರೆಯುತ್ತಿರಲಿಲ್ಲ.

ಕಾಕಾನಿಗೆ ಹೇಳಿದೆ. ಅವರು ಎಲೆ ಅಡಿಕೆ ಒಂದು ದವಡೆಗೆ ಸರಿಸಿ, “ಅಲ್ಲವಾ ಇಂಜಿನೇರಮ್ಮ, ಅಮಾಸಿಗೆ ನಾವು ಮಗ್ಗಕ್ಕ ಸೂಟಿ ಕೊಡತೇವಿ, ನಿನ್ನ ಕಂಪ್ಯೂಟರು ತನ್ನ ಉಪದ್ವ್ಯಾಪಕ್ಕ ಸೂಟಿ ಕೊಡತೈತಿ! ನಮಗಿಂತ ಮಡಿವಂತ ಐತಿ ಬಿಡು,” ಅಂದರು. ಆಮೇಲೆ ಮೆಲ್ಲಗೆ, “ಬಂದ್ ಮಾಡು ಅಂತ ಕೇಳಾಕ ಬಂದೀಯೇನು?” ಅಂದರು.

“ಇಲ್ಲ ಕಾಕಾ. ನಾಳಿಗೆ ನಾಕೂ ಮಗ್ಗ ತಪ್ಪದ ನಡಸ್ರಿ ಅಂತ ಹೇಳಾಕ ಬಂದೇನಿ.”

ಮಗ್ಗ ಎರಡು ದಾರಿಯಿಂದ ನನ್ನ ಕಂಪ್ಯೂಟರನ್ನು ಮುಟ್ಟಬಹುದಿತ್ತು: ಕರೆಂಟಿನ ತಂತಿಯಿಂದ ಅಥವಾ ನೆಲದಿಂದ. ಎರಡನ್ನೂ ಬೇರೆ ಮಾಡಬೇಕಿತ್ತು. ಪಂಚಮಿಗೆ ನಾಲ್ಕು ದಿನ ಉಳಿದಿತ್ತು. ಮಾವನಿಗೆ ಫೋನ್ ಮಾಡಿದೆ. ಮರುದಿನ ಬೆಳಗಿನ ಬಸ್ಸಿಗೆ ಅವನು ಲಕ್ಷ್ಮೇಶ್ವರದಿಂದ ಒಂದು ಇನ್ವರ್ಟರು, ದೊಡ್ಡ ಬ್ಯಾಟರಿ ಹೊತ್ತು ಬಂದ. ಮನೆಯ ಕರೆಂಟಿಗೆ ಏನನ್ನೂ ಚುಚ್ಚದೆ, ಬರೀ ಬ್ಯಾಟರಿಯ ಮೇಲೆ ಕಂಪ್ಯೂಟರ್ ನಡೆಸಿದೆವು. ಗೋಡೆಯಾಚೆ ನಾಲ್ಕೂ ಮಗ್ಗ ಬಡಿಯುತ್ತಿದ್ದವು. ಹನ್ನೊಂದು ಇಪ್ಪತ್ತಕ್ಕೆ ಆರಿತು. ಒಂದು ಗಂಟೆಗೆ ಮತ್ತೆ ಆರಿತು.

“ಕರೆಂಟಲ್ಲ,” ಅಂದ ಮಾವ. “ನನ್ನ ಮರ್ಯಾದಿ ಉಳೀತು.”

ಮೇಜಿನ ಮೇಲೆ ಕುಡಿಯುವ ನೀರಿನ ತಂಬಿಗೆ ಇತ್ತು. ನಾನು ಬಾಗಿ ಅದರೊಳಗೆ ನೋಡಿದೆ. ನೀರಿನ ಮೇಲೆ ಸಣ್ಣ ಉಂಗುರಗಳು ಮೂಡಿ ಮೂಡಿ ಅಂಚಿಗೆ ಹೋಗುತ್ತಿದ್ದವು. ಎಷ್ಟೋ ವರ್ಷದಿಂದ ಆ ತಂಬಿಗೆಯಿಂದಲೇ ನೀರು ಕುಡಿಯುತ್ತಿದ್ದೇನೆ.

ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕ್ಯಾಬಿನೆಟ್ಟಿನ ಕೆಳಗೆ ಹಾಸಿದೆ. ಅಂದು ಮಧ್ಯಾಹ್ನದಿಂದ ಸಂಜೆಯವರೆಗೆ ಒಂದೇ ಸಲ ಆರಿತು.

“ಆತಲ್ಲ,” ಅಂದ ಮಾವ. “ಇನ್ನೊಂದು ಕೌದಿ ಹಾಕು, ಮಾಸ್ತರನ್ನ ಕರಿ, ಮುಗಸು. ದಿನ ಎಲ್ಲದಾವು?”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ದಿನಗಳು ನಿಜಕ್ಕೂ ಇರಲಿಲ್ಲ. ಆದರೆ ನನಗೆ ಮಾಸ್ತರರ ಮುಖ ಕಣ್ಣಿಗೆ ಕಟ್ಟಿತ್ತು. ಅವರು ಕೇಳಿದ್ದು ಆರುವುದು ಕಡಿಮೆಯಾದರೆ ಅಂತಲ್ಲ, ನಿಂತರೆ ಅಂತ. ಇನ್ನೊಂದು ಸಲ ನಡುವೆ ಆರಿದರೆ ಅವರು ಮತ್ತೆ ಬಾಯಿ ತೆರೆಯುವುದಿಲ್ಲ. ಅದೂ ಅಲ್ಲದೆ, ಜಗತ್ತಿನಲ್ಲಿ ಎಷ್ಟೋ ಕಂಪ್ಯೂಟರುಗಳು ಗಿರಣಿಗಳಲ್ಲಿ, ರೈಲುಗಳಲ್ಲಿ ನಡುಗುತ್ತಲೇ ಕೆಲಸ ಮಾಡುತ್ತವೆ. ನಡುಗಿದ್ದಕ್ಕೆ ನನ್ನದು ಆರುತ್ತದೆಂದರೆ ಒಳಗೆ ಏನೋ ಸರಿಯಾಗಿ ಕೂತಿಲ್ಲ. ಅದನ್ನು ಕೂರಿಸಿದವಳು ನಾನು.

“ಇಲ್ಲ ಮಾವ. ನಾಳಿಗೆ ಒಳಗ ನೋಡತೇನಿ.”

“ಚಾಲೂ ಇಟ್ಟು ಕೈ ಹಾಕಬ್ಯಾಡ ಮತ್ತ. ಇದ್ದದ್ದೂ ಸುಟ್ಟೀತು.”

ಚಾಲೂ ಇಡದೆ ಅದು ಗೊತ್ತಾಗುವಂತಿರಲಿಲ್ಲ. ಮರುದಿನ ಮಧ್ಯಾಹ್ನ ಕಾಕಾ ಊಟಕ್ಕೆಂದು ಮಗ್ಗ ನಿಲ್ಲಿಸಿದಾಗ ಕ್ಯಾಬಿನೆಟ್ಟನ್ನು ಅಡ್ಡ ಮಲಗಿಸಿ, ಮುಚ್ಚಳ ತೆಗೆದು, ಚಾಲೂ ಮಾಡಿದೆ. ಬಳೆಗಳನ್ನು ತೆಗೆದಿಟ್ಟೆ. ಪೆನ್‌ಡ್ರೈವುಗಳನ್ನು ಅವ್ವನ ಕೈಗೆ ಕೊಟ್ಟೆ. ಒಣಗಿದ ಬಿದಿರಿನ ಕಡ್ಡಿಯೊಂದರಿಂದ ಒಂದೊಂದೇ ಜಾಗವನ್ನು ಮೆಲ್ಲಗೆ ಒತ್ತುತ್ತ ಹೋದೆ. ರ‍್ಯಾಮಿನ ತುದಿ ಒತ್ತಿದೆ, ಏನಾಗಲಿಲ್ಲ. ಡಿಸ್ಕಿನ ವೈರು, ಏನಾಗಲಿಲ್ಲ. ಮದರ್‌ಬೋರ್ಡಿನ ದೊಡ್ಡ ಪ್ಲಗ್ಗು, ಏನಾಗಲಿಲ್ಲ. ಕೊನೆಗೆ ಮೇಲಿನ ಎಡ ಮೂಲೆಯಲ್ಲಿ, ಪ್ರೊಸೆಸರಿಗೆ ವಿದ್ಯುತ್ ಒಯ್ಯುವ ಎಂಟು ಪಿನ್ನಿನ ಸಣ್ಣ ಪ್ಲಗ್ಗಿನ ವೈರನ್ನು ಕೂದಲೆಳೆಯಷ್ಟು ಸರಿಸಿದೆ.

ತೆರೆ ಕಪ್ಪಾಯಿತು.

ಹತ್ತಿಸಿ ಮತ್ತೆ ಸರಿಸಿದೆ. ಕಪ್ಪಾಯಿತು. ಮೂರನೆಯ ಸಲವೂ ಕಪ್ಪಾಯಿತು. ಮಗ್ಗಗಳು ನಿಂತಿದ್ದವು, ನೀರಿನಲ್ಲಿ ಉಂಗುರವಿರಲಿಲ್ಲ. ಆರು ವಾರ ನನ್ನನ್ನು ಆಡಿಸಿದ್ದು ಈಗ ನನ್ನ ಕಡ್ಡಿಯ ತುದಿಯಲ್ಲಿ, ನಾನು ಹೇಳಿದಾಗ ಆರುತ್ತಿತ್ತು. ನನಗೆ ಅಳು ಬಂತು. ಹೆದರಿಕೆಯ ಅಳು ಅದಲ್ಲ.

ಕರೆಂಟು ತೆಗೆದು ನೋಡಿದೆ. ಕೆಳಗಿನ ಪವರ್ ಸಪ್ಲೈಯಿಂದ ಮೇಲಿನ ಮೂಲೆಗೆ ಆ ವೈರು ಮುಟ್ಟುವುದೇ ಕಷ್ಟದಲ್ಲಿ. ಅದನ್ನು ನಾಲ್ಕು ಕಡೆ ಎಳೆದು ಗಂಟು ಹಾಕಿತ್ತು. ವೈರು ತಂತಿವಾದ್ಯದ ಹಾಗೆ ಬಿಗಿದಿತ್ತು, ಪ್ಲಗ್ಗನ್ನು ಸದಾ ಒಂದು ಬದಿಗೆ ಜಗ್ಗುತ್ತಿತ್ತು.

ಅವ್ವ ನನ್ನ ಹೆಗಲ ಮೇಲಿಂದ ನೋಡುತ್ತಿದ್ದಳು. ನಾನು ಕತ್ತರಿ ಕೈಯಲ್ಲಿ ಹಿಡಿದು ಕುಳಿತಿದ್ದೆ.

“ಸರಿ ಅತ್ತಾಗ,” ಅಂದಳು. “ನಾ ಕಟ್ಟೇನಿ, ನಾನ ಕೊಯ್ತೇನಿ.”

ನಾಲ್ಕು ಗಂಟನ್ನೂ ಅವಳೇ ಕೊಯ್ದಳು. ಕೊನೆಯದು ಬಿಡುತ್ತಲೇ ವೈರು ಉಸಿರು ಬಿಟ್ಟಂತೆ ಸಡಿಲಾಯಿತು. ಪ್ಲಗ್ಗನ್ನು ಹಿಡಿದೆ. ಕೊಕ್ಕೆ ಒತ್ತದೆಯೇ ಅದು ಕೈಗೆ ಬಂತು. ಕೊಕ್ಕೆ ಎಂದೂ ಸಿಕ್ಕಿರಲೇ ಇಲ್ಲ, ಅಂಚಿನ ಮೇಲೆ ಕೂತಿತ್ತು ಅಷ್ಟೇ. ಒಂದು ತೂತಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಮೊದಲ ದಿನ ಅದನ್ನು ಚುಚ್ಚಿದವಳು ನಾನೇ. ‘ಟಕ್’ ಎಂಬ ಸದ್ದು ಬಂತೋ ಇಲ್ಲವೋ ಕೇಳಿರಲಿಲ್ಲ. ಆಗಲೂ ಮಗ್ಗ ಬಡಿಯುತ್ತಿದ್ದಿರಬೇಕು.

ಅವ್ವ ಆ ಕಂದು ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. “ಎಳಿ ಸಡ್ಲ ಇದ್ರ ಹರೀತೈತಿ ಅಂತ ಬಿಗದು ಕಟ್ಟಿದೆ.”

“ಮಗ್ಗದಾಗ ಖರೆ ಬೇ.”

“ಇದರಾಗ ತಿರವಮುರವ ಏನು?”

“ಇದರಾಗ ತಿರವಮುರವ.”

“ಹೇಳಬೇಕಿತ್ತಲ್ಲ ಮತ್ತ, ಮೂಳಿ!” ಎಂದು ತಲೆಗೆ ಮೊಟಕಿದಳು.

ಗದಗಿನ ಅಂಗಡಿಯಲ್ಲಿ ಆ ವೈರಿಗೆ ಕೂಡಿಸುವ ಒಂದು ಗೇಣಿನ ತುಂಡು ಸಿಕ್ಕಿತು. ಕಂದಾದ ತುದಿಯನ್ನು ಅವರೇ ಬದಲಿಸಿ ಕೊಟ್ಟರು, ಬೋರ್ಡಿನ ಬದಿಯ ಪಿನ್ನುಗಳನ್ನು ನೋಡಿ ಚೆನ್ನಾಗಿವೆ ಎಂದರು. ಸಂಜೆ ಮನೆಗೆ ಬಂದು, ಕಾಕಾನಿಗೆ ಒಂದು ನಿಮಿಷ ಮಗ್ಗ ನಿಲ್ಲಿಸಲು ಕೂಗಿ ಹೇಳಿ, ಪ್ಲಗ್ಗನ್ನು ಒತ್ತಿದೆ. ಟಕ್ ಎಂದಿತು. ಅವ್ವನೂ ಕೇಳಿದಳು. ಅವಳು ಹೊಸ ನೂಲು ತಂದು ವೈರುಗಳನ್ನು ಮತ್ತೆ ಕಟ್ಟಿದಳು. ಈ ಸಲ ಪ್ರತಿ ಗಂಟಿನೊಳಗೂ ತನ್ನ ಕಿರುಬೆರಳು ಆಡುತ್ತದೋ ಇಲ್ಲವೋ ನೋಡಿ ಬಿಟ್ಟಳು.

ಮರುದಿನ ಕೌದಿಯನ್ನು ತೆಗೆದುಬಿಟ್ಟೆ. ಮೇಜನ್ನು ಕಾಕಾನ ಗೋಡೆಗೇ ಒತ್ತಿ ಇಟ್ಟು, ಮನೆಯ ಕರೆಂಟಿನ ಮೇಲೆಯೇ, ನಾಲ್ಕೂ ಮಗ್ಗ ಬಡಿಯುತ್ತಿರುವಾಗ ರ‍್ಯಾಮ್ ಪರೀಕ್ಷೆ ಹಚ್ಚಿದೆ. ಮೊದಲ ಸಲ ಅದು ಕೊನೆಯವರೆಗೆ ಓಡಿತು, ಒಂದೂ ತಪ್ಪಿಲ್ಲ. ಹಳೆಯ ರ‍್ಯಾಮನ್ನು ಹಾಕಿ ಮತ್ತೆ ಹಚ್ಚಿದೆ. ಅದರಲ್ಲೂ ತಪ್ಪಿರಲಿಲ್ಲ. ಪಾಪ, ಅದರ ಮೇಲೆ ಸುಮ್ಮನೆ ಆರೋಪ ಹೊರಿಸಿದ್ದೆ. ಸಂಜೆ ಐದಕ್ಕೆ ನೋಟ್‌ಬುಕ್ಕಿನಲ್ಲಿ ಬರೆದೆ: ‘ಮಗ್ಗ ನಾಲ್ಕೂ ಚಾಲೂ. ಇಂದು ಇಲ್ಲ.’ ಬರೆದು, ನಾನೇ ಹೋಗಿ ಮಾಸ್ತರರನ್ನು ಕರೆದೆ.

ಅವರು ಮರುದಿನ ಬಂದರು, ಪಂಚಮಿಯ ಹಿಂದಿನ ದಿನ. ಕೂರುವ ಮೊದಲು ಕ್ಯಾಬಿನೆಟ್ಟಿನ ಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

“ನಡಗಾಕತ್ತೈತಲ್ಲ?”

“ನಡಗತೈತ್ರಿ. ಆರೂದಿಲ್ಲ.”

“ಹಂಗಿದ್ರ ಮೊದಲಿಂದ ಓದು. ಬುಡದಿಂದ. ನಾ ‘ಸಾಕು’ ಅನ್ನುಮಟ ನಿಲ್ಲಬ್ಯಾಡ.”

ನಾನು ಒಂದನೆಯ ಸಾಲಿನಿಂದ ಓದತೊಡಗಿದೆ. ಆರು ವಾರದಲ್ಲಿ ಒಮ್ಮೆಯೂ ಅವರು ತಮ್ಮ ನಕ್ಷೆಯನ್ನು ತುಂಡಿಲ್ಲದೆ ಕೇಳಿರಲಿಲ್ಲ. ಅವರ ಬೆರಳುಗಳು ಮೊಣಕಾಲಿನ ಮೇಲೆ ಆಡುತ್ತಿದ್ದವು. ಮೊದಲ ಹೂವು ಮುಗಿಯಿತು, ಬಳ್ಳಿ ತಿರುಗಿತು, ಎರಡನೆಯ ಹೂವಿಗೆ ಬಂದೆವು. ಇಪ್ಪತ್ಮೂರನೆಯ ಸಾಲನ್ನು ನಾನು ಬೇಕೆಂದೇ ಖಾಲಿ ಬಿಟ್ಟಿದ್ದೆ. ಅಲ್ಲಿಗೆ ಬಂದು ನಿಂತೆ.

ಅವರು ತಡವರಿಸಲಿಲ್ಲ. “ಒಂದು ಎತ್ತು, ನಾಕು ಬಿಡು,” ಅಂದರು. ಆಮೇಲೆ ಬೆರಳು ನಿಂತಿತು. “ನಾಕ ತಂಗಿ. ಇಲ್ಲಿ ಮೂರು ಬಿಟ್ರ ಎಸಳು ಹೋಗಿ ಬಳ್ಳಿಗೆ ಬಡೀತೈತಿ. ಅವತ್ತು ಮೊದಲನೇ ಸರ್ತಿ ಬಾಯಿ ತಪ್ಪಿತ್ತು. ತಲಿ ಅಲ್ಲ, ಬಾಯಿ.”

ನಾನು ಮೂರು ಹಾಕಿ ನೋಡಿದೆ. ಎಸಳಿನ ತುದಿ ಬಳ್ಳಿಗೆ ಅಂಟಿಕೊಂಡಿತು. ನಾಲ್ಕು ಹಾಕಿದೆ. ನಡುವೆ ಒಂದೇ ಒಂದು ಎಳೆಯ ಸಂದು ಬಿತ್ತು, ಹೂವು ಬಿಡಿಯಾಗಿ ನಿಂತಿತು.

“ನಾಕ ರೀ ಮಾಸ್ತರ,” ಅಂದೆ. “ನಿಮ್ಮ ತಲಿ ಚಲೋ ಐತಿ. ನನ್ನ ಪೆಟ್ಟಿಗೀನ ಕೆಟ್ಟಿತ್ತು.”

ಉಳಿದ ಎಪ್ಪತ್ತು ಸಾಲು ಅಂದು ಸಂಜೆ ನಾಲ್ಕಕ್ಕೆ ಮುಗಿದವು. ನಡುವೆ ಎರಡು ಸಲ ಚಹಾ ಕುಡಿದೆವು. ಅಷ್ಟೊತ್ತಿಗೆ ಅವರ ಮಗಳು ಬಂದು ಬಾಗಿಲಲ್ಲಿ ಉಂಡಿಯ ಡಬ್ಬಿ ಹಿಡಿದು ನಿಂತಿದ್ದಳು. “ಸಾಕು,” ಅಂದರು ಮಾಸ್ತರರು, ಕೊನೆಯ ಸಾಲಿಗೆ.

ಹಬ್ಬ ಮುಗಿಸಿ ಅವರು ಶಿರಹಟ್ಟಿಗೆ ಹೋದರು. ಪಟ್ಟಿಗಳನ್ನು ತೂತು ಮಾಡಿಸಿ, ಹೊಲಿದು, ಅವ್ವ ಮಗ್ಗಕ್ಕೆ ಏರಿಸುವಷ್ಟರಲ್ಲಿ ಇನ್ನೊಂದು ಅಮಾವಾಸ್ಯೆ ಕಳೆಯಿತು. ಎರಡು ಹೂವು ಬರುವಷ್ಟು ದಡಿ ನೇಯ್ದು, ಆ ತುಂಡನ್ನು ಕತ್ತರಿಸಿ ಮಾಸ್ತರರ ಮಗಳ ಕೈಗೆ ಮುಟ್ಟಿಸಿದೆವು. ಸಂಜೆ ಅವಳ ಫೋನು ಬಂತು.

“ಅಪ್ಪ ಮಧ್ಯಾಹ್ನದಿಂದ ಅದನ್ನ ಹೆಬ್ಬಟ್ಟಿಲೆ ತಿಕ್ಕೋತ ಕುಂತಾರ ಅಕ್ಕಾ,” ಅಂದಳು. “ಎಳಿ ಎಣಸಾಕತ್ತಾರ. ಈಗ ಎರಡನೇ ಹೂವಿಗೆ ಬಂದು ನಿಂತು, ನಿಮಗ ಫೋನ್ ಹಚ್ಚು ಅಂದ್ರು. ತಡೀರಿ, ಕೊಡತೇನಿ.”

ಗೋಡೆಯಾಚೆ ಮಗ್ಗಗಳು ಬಡಿಯುತ್ತಿದ್ದವು. ಫೋನನ್ನು ಕಿವಿಗೆ ಒತ್ತಿ ಹಿಡಿದೆ.

“ನಾಕ ಐತಿ,” ಅಂದರು ಮಾಸ್ತರರು.